ಜಡೆಯಪ್ಪನ ಬ್ಲಾಗಿನಲ್ಲಿ ಇಲ್ಲದ ಅಮ್ಮ

“ನಾನು ಸತ್ತು ಎಷ್ಟು ವರ್ಷ ಆಯ್ತು, ಅದನ್ನಾದ್ರೂ ಹೇಳಿಬಿಡು.”

“ಹಾಗಂತ ನಾನು ಎಲ್ಲೂ ಬರೆದಿಲ್ಲ.”

“ಬರೆದಿಲ್ಲ. ಬೇರೆಯವರು ಬರೆದ್ರು, ನೀನು ಸುಮ್ನೆ ಕೂತೆ. ನಿನ್ನೆ ಸ್ಕೂಲ್ ಗೇಟ್ ಹತ್ರ ಯಾವಳೋ ಒಬ್ಬಳು ನನ್ನನ್ನ ಮೇಲಿಂದ ಕೆಳಗೆ ನೋಡಿ ಕೇಳ್ತಾಳೆ, ನೀವು ಹೊಸ ಅಮ್ಮನಾ ಅಂತ. ಮಗಳ ಕೈ ನನ್ನ ಕೈಲಿದೆ. ಏನು ಹೇಳ್ಲಿ ನಾನು? ಹೌದಮ್ಮ, ಹಳೇದು ಹೋಯ್ತು, ನಾನು ಹೊಸ ಸ್ಟಾಕು ಅನ್ಲಾ?”

“ಅಪ್ಪಾ, ನೋಯ್ತಿದೆ.”

ಕೊನೆಯ ಮಾತು ಒಂಬತ್ತು ವರ್ಷದ ಮಗಳದು. ಗಿಡ್ಡ ಸ್ಟೂಲಿನ ಮೇಲೆ, ಅಪ್ಪನ ಮೊಣಕಾಲಿಗೆ ಬೆನ್ನು ಆನಿಸಿ ಕೂತಿದ್ದಾಳೆ. ಅವಳ ಕೂದಲು ಮೂರು ಪಾಲಾಗಿ ಅಪ್ಪನ ಬೆರಳುಗಳಲ್ಲಿದೆ. ಹೆಂಡತಿಯ ಒಂದೊಂದು ಮಾತು ಬಿದ್ದಾಗಲೂ ಅಪ್ಪನ ಕೈ ಬಿಗಿಯಾಗುತ್ತದೆ, ಮಗಳ ತಲೆ ಹಿಂದಕ್ಕೆ ವಾಲುತ್ತದೆ. ತಿರುಗಿ ಅಮ್ಮನ ಮುಖ ನೋಡೋಣವೆಂದರೆ ಜಡೆ ಅರ್ಧದಲ್ಲಿದೆ. ಕಿಟಕಿಯಾಚೆ ಬೀದಿದೀಪ ಇನ್ನೂ ಆರಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಎದ್ದಿದೆ. ಇಬ್ಬರಲ್ಲಿ ಒಬ್ಬರೂ ಎದ್ದು ಹೋಗಿ ಒಲೆ ಆರಿಸುವುದಿಲ್ಲ.

ಮೂರನೇ ಮಹಡಿಯ ಈ ಮನೆಯ ಬಾಗಿಲು ತೆರೆದೇ ಇದೆ. ಬರಹೇಳಿದ ಹೊತ್ತಿಗೆ ಬಂದು ಹೊಸ್ತಿಲಾಚೆ ನಿಂತ ಪತ್ರಿಕೆಯವನಾದ ನನ್ನನ್ನು ಮೊದಲು ಕಾಣುವವರು ಹೆಂಡತಿ.

“ಪೇಪರಿನವರು ತಾನೆ? ಬನ್ನಿ ಒಳಗೆ. ಒಳ್ಳೇ ಹೊತ್ತಿಗೇ ಬಂದ್ರಿ. ಮೊದಲ ಸಾಲು ನಾನೇ ಹೇಳ್ತೀನಿ, ಬರ್ಕೊಳ್ಳಿ. ಇವರಿಗೆ ಹೆಂಡತಿ ಇದ್ದಾಳೆ. ಉಸಿರಾಡ್ತಿದ್ದಾಳೆ. ಹಾಲು ಉಕ್ಕಿಸ್ತಿದ್ದಾಳೆ.”

ಬರೆದುಕೊಂಡಿದ್ದೇನೆ.

ಈ ಮನೆಯ ಯಜಮಾನರು ಕಟಿಂಗ್ ಕೆಲಸದವರು. ಬೀದಿಯ ಕೊನೆಯಲ್ಲಿರುವ ಸೆಲೂನಿನ ಮೂರು ಕುರ್ಚಿಗಳಲ್ಲಿ ಬಾಗಿಲ ಕಡೆಯದು ಇವರದು. ಅಲ್ಲಿಗೆ ಬರುವ ಗಿರಾಕಿಗಳಿಗೆ ಇವರು ಕಿವಿಯ ಹತ್ತಿರ ಹುಷಾರಾಗಿ ಕತ್ತರಿ ಆಡಿಸುವ ಒಬ್ಬ ಮಾತು ಕಡಿಮೆಯ ಮನುಷ್ಯ, ಅಷ್ಟೇ. ಆದರೆ ಫೋನಿನ ತೆರೆಯ ಮೇಲೆ ದಿನವೂ ಇವರನ್ನು ಹುಡುಕಿಕೊಂಡು ಬರುವ ಸಾವಿರಾರು ತಾಯಂದಿರಿಗೆ, ನೂರಾರು ತಂದೆಯರಿಗೆ ಇವರು ‘ಜಡೆಯಪ್ಪ’. ಮಗು ಬೆರಳು ಚೀಪುವುದನ್ನು ಬಿಡಿಸುವುದು ಹೇಗೆ, ಸುಳ್ಳು ಹೇಳಿದಾಗ ಮುಖ ಹೇಗಿಟ್ಟುಕೊಳ್ಳಬೇಕು, ಶಾಲೆಗೆ ಹೋಗಲ್ಲ ಎಂದು ನೆಲಕ್ಕೆ ಬಿದ್ದವಳನ್ನು ಎಬ್ಬಿಸುವುದು ಹೇಗೆ, ಹೇನು ಬಂದರೆ ಏನು ಮಾಡಬೇಕು, ಇಂಥದ್ದನ್ನೆಲ್ಲಾ ಇವರು ತಮ್ಮ ಬ್ಲಾಗಿನಲ್ಲಿ ಬರೆಯುತ್ತಾರೆ. ಬ್ಲಾಗಿನಲ್ಲಿ ಮಗಳಿಗಿಟ್ಟ ಹೆಸರು ಪಟಪಟಿ. ಬಾಯಿಬಿಟ್ಟರೆ ಮುಚ್ಚದವಳು ಎಂಬ ಕಾರಣಕ್ಕೆ. ಬ್ಲಾಗಿನಲ್ಲಿ ಇವರ ಫೋಟೋ ಇಲ್ಲ, ಊರಿಲ್ಲ.

“ಮುಖ ತೋರಿಸಿದ್ರೆ ಮುಗೀತು ಸರ್. ಗಿರಾಕಿ ಕತ್ತರಿ ಕೆಳಗೆ ಕೂತು ತನ್ನ ಮಗನ ಕಥೆ ಶುರು ಮಾಡ್ತಾನೆ. ಕಟಿಂಗು ಸಂಜೆಯಾದ್ರೂ ಮುಗಿಯಲ್ಲ” ಎನ್ನುತ್ತಾರೆ. ಆದರೂ ಮಗಳನ್ನು ಶಾಲೆಗೆ ಬಿಡಲು ಹೋಗಿ ಬಂದು, ಅವಳ ಜಡೆಯನ್ನೂ ಬಾಯಿಯನ್ನೂ ನೋಡಿ ನೋಡಿ, ಗೇಟಿನ ಬಳಿಯ ತಾಯಂದಿರಿಗೆ ಇವರು ಯಾರೆಂದು ಯಾವತ್ತೋ ಗೊತ್ತಾಗಿಬಿಟ್ಟಿದೆ.

ಪಟಪಟಿಯ ಅಮ್ಮ ಸಮುದ್ರದಾಚೆಯ ದೇಶವೊಂದರಲ್ಲಿ, ಒಂದು ದೊಡ್ಡ ಮನೆಯ ಅವಳಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಮಗಳಿಗೆ ನಾಲ್ಕು ವರ್ಷವಿದ್ದಾಗ ಹೋದವರು. ನಡುವೆ ಒಮ್ಮೆ ರಜೆಗೆ ಬಂದಿದ್ದರು, ಈಗ ಬಂದಿರುವುದು ಎರಡನೇ ಸಲ. ಬ್ಲಾಗಿನ ಗಳಿಕೆ ಒಂದು ವರ್ಷ ಬೀಳದೆ ನಿಂತರೆ ಆ ಕೆಲಸ ಬಿಟ್ಟು ಮನೆಯಲ್ಲೇ ಉಳಿಯುವುದು ಎಂದು ಗಂಡ ಹೆಂಡತಿ ಫೋನಿನಲ್ಲಿ ಮಾತಾಡಿಕೊಂಡಿದ್ದರು. ವರ್ಷವಿಡೀ ಗಳಿಕೆ ಬಿದ್ದಿಲ್ಲ. ವಾಪಸ್ ಹೋಗುವ ಟಿಕೆಟ್ಟು ಬೀರುವಿನಲ್ಲಿದೆ. ಅದನ್ನು ರದ್ದು ಮಾಡುವುದೋ, ಹಾಗೇ ಇಡುವುದೋ ಎಂಬುದೊಂದೇ ಈ ಮನೆಯಲ್ಲಿ ತೀರ್ಮಾನವಾಗಬೇಕಾದ ವಿಷಯ.

ಹೆಂಡತಿ ದೂರದೇಶಕ್ಕೆ ಹೋಗುವ ಮೊದಲು ಜಡೆಯಪ್ಪನಿಗೆ ಸ್ವಂತ ಸೆಲೂನಿತ್ತು. ರಸ್ತೆ ಅಗಲ ಮಾಡಲು ಬಂದವರು ಅದರ ಮುಂಭಾಗವನ್ನು ಕೆಡವಿದರು. ಉಳಿದ ಹಿಂಭಾಗದಲ್ಲಿ ಒಂದು ಕುರ್ಚಿ ಹಾಕಲೂ ಜಾಗವಿರಲಿಲ್ಲ. ಆರು ತಿಂಗಳು ಮನೆ ಮನೆಗೆ ಹೋಗಿ, ಎದ್ದು ಓಡಾಡಲಾಗದ ಮುದುಕರಿಗೆ ಕ್ಷೌರ ಮಾಡಿ ಸಂಸಾರ ತೂಗಿಸಿದರು. ಕೊನೆಗೆ ಹೆಂಡತಿ ಹೊರಟು ನಿಂತರು. ಹೊರಡುವ ದಿನ ಮಗಳು ಅಳಲಿಲ್ಲ. ಅತ್ತಿದ್ದು ಎಂಟು ದಿನ ಬಿಟ್ಟು, ಸೋಪು ಮುಗಿದಾಗ. ಅಮ್ಮ ತಂದಿಟ್ಟ ಸೋಪು ಅದು.

“ಅವಳು ಫೋನ್ ಮಾಡಿದ್ರೆ ಪಟಪಟಿ ಮಂಚದ ಕೆಳಗೆ ಅಡಗೋಳು” ಎಂದು ಜಡೆಯಪ್ಪ ನೆನೆಯುತ್ತಾರೆ. “ಇವಳು ಆ ಕಡೆ ಅಳೋದು, ನಾನು ಈ ಕಡೆ ಮಂಚದ ಕೆಳಗೆ ಬಗ್ಗಿ, ಬಾರೇ ಮಾತಾಡೇ ಅನ್ನೋದು. ಆಮೇಲೆ ಅವಳೇ ಹೇಳಿದ್ಳು, ಮಾತು ಬೇಡ ರೀ, ಬರೆದು ಹಾಕಿ, ಒಬ್ಬಳೇ ಇದ್ದಾಗ ಓದ್ಕೋತೀನಿ ಅಂತ.”

ಫೋನಿಗೆ ಬರೆದು ಕಳಿಸಿದ್ದೆಲ್ಲಾ ಹೆಂಡತಿಯ ಫೋನು ಕೆಟ್ಟಾಗ ಹೋಯಿತು. ಆ ಸಂಕಟವನ್ನು ಜಡೆಯಪ್ಪ ಒಬ್ಬ ಗಿರಾಕಿಯ ಮುಂದೆ ಹೇಳಿಕೊಂಡರು. ಗಿರಾಕಿ ಕಂಪ್ಯೂಟರ್ ರಿಪೇರಿಯವರು. ಬ್ಲಾಗು ಎಂದು ಒಂದಿದೆ, ಅಲ್ಲಿ ಬರೆದರೆ ಯಾವ ದೇಶದ ಯಾವ ಫೋನಿನಲ್ಲಿ ತೆರೆದರೂ ಸಿಗುತ್ತದೆ ಎಂದು ಅವರೇ ಹೇಳಿಕೊಟ್ಟಿದ್ದು. “ಅವರಿಗೆ ಅರ್ಧ ತಲೆ ಕಟಿಂಗ್ ಆಗಿತ್ತು. ಇಲ್ಲೇ ಮಾಡಿಕೊಡಿ ಅಂತ ನನ್ನ ಫೋನ್ ಕೈಗಿಟ್ಟೆ. ಬ್ಲಾಗ್ ತೆರೆಯೋವರೆಗೂ ಉಳಿದರ್ಧ ಮುಟ್ಟಲಿಲ್ಲ. ಎಲ್ಲಿಗೆ ಹೋಗ್ತಾರೆ ಹಾಗೇ ಎದ್ದು?”

ಹಾಗೆ ಶುರುವಾದದ್ದು ಇದು. ಮೊದಮೊದಲ ಬರಹಗಳೆಲ್ಲಾ ಒಬ್ಬರೇ ಓದುಗರಿಗೆ ಬರೆದವು. ‘ಇವತ್ತು ನೀನು ನೋಡಬೇಕಿತ್ತು’ ಎಂದೇ ಪ್ರತಿಯೊಂದೂ ತೊಡಗುತ್ತದೆ. ಇವತ್ತು ನೀನು ನೋಡಬೇಕಿತ್ತು, ಹಲ್ಲು ಬಿದ್ದಿದ್ದಕ್ಕೆ ನನ್ನನ್ನೇ ಬೈದಳು. ಇವತ್ತು ನೀನು ನೋಡಬೇಕಿತ್ತು, ನಿನ್ನ ಸೀರೆಯನ್ನು ಕುರ್ಚಿಗೆ ಸುತ್ತಿ ಅದಕ್ಕೆ ಊಟ ಮಾಡಿಸುತ್ತಿದ್ದಳು.

ಅವುಗಳ ನಡುವೆ ಒಂದು ಬರಹ ಜಡೆಯದು. ಊರಿನ ತಲೆಗಳನ್ನೆಲ್ಲಾ ಕತ್ತರಿಸಿದ ಕೈಗೆ ಸ್ವಂತ ಮಗಳ ಜಡೆ ಹೆಣೆಯಲು ಬಾರದೆ ಪಟ್ಟ ಪಾಡು. ಕತ್ತರಿಸುವುದಕ್ಕೆ ಒಂದು ಕ್ಷಣ ಸಾಕು, ಹೆಣೆಯುವುದಕ್ಕೆ ತಾಳ್ಮೆ ಬೇಕು ಎಂದು ಬರೆದು, ಕೊನೆಗೆ ತಾವು ಕಂಡುಕೊಂಡದ್ದನ್ನು ಹೇಳಿದ್ದರು. ಒಣಗೂದಲಿಗೆ ಕೈಹಾಕಬೇಡ, ಕೈ ಒದ್ದೆ ಮಾಡಿಕೊಂಡು ಸವರು. ಬಾಚಣಿಗೆ ತುದಿಯಿಂದ ಮೇಲಕ್ಕೆ ಬರಲಿ. ಸಿಕ್ಕಿನ ಮೇಲ್ಗಡೆ ಕೂದಲನ್ನು ಹಿಡಿದುಕೋ, ಆಗ ಎಳೆತ ನೆತ್ತಿಗೆ ತಾಗುವುದಿಲ್ಲ. ಮಗುವಿನ ಕೈಗೊಂದು ಕನ್ನಡಿ ಕೊಡು, ತಲೆ ಅಲ್ಲಾಡಿಸುವುದಿಲ್ಲ. ಹೆಂಡತಿ ಅದನ್ನು ಓದಿ ತಮ್ಮ ಜೊತೆಯ ಕೆಲಸದವರಿಗೆ ಕಳಿಸಿದರು. ಅವರು ತಮ್ಮ ತಮ್ಮ ಗಂಡಂದಿರಿಗೆ ಕಳಿಸಿದರು. ಹೆಂಡತಿ ದೂರವಿರುವ, ಹೆಂಡತಿ ಆಸ್ಪತ್ರೆಯಲ್ಲಿರುವ, ಹೆಂಡತಿ ಬಿಟ್ಟುಹೋದ ಗಂಡಸರು ಎಷ್ಟು ಜನ ಬೆಳಗ್ಗೆ ಎದ್ದು ಬಾಚಣಿಗೆ ಹಿಡಿದು ಕಂಗಾಲಾಗಿ ನಿಂತಿರುತ್ತಾರೆ ಎಂಬುದು ಆಗ ಗೊತ್ತಾಯಿತು.

ಮನೆಯಲ್ಲಿ ಕೂತು ಬರೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಒಂದು ವಾರ ಈ ಮನೆಗೆ ಬೆಳಕು ಹರಿಯುವ ಮೊದಲು ಬಂದು ನೋಡಲಿ. ಜಡೆಯಪ್ಪ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಬರೆಯುತ್ತಾರೆ, ಎರಡು ಹೆಬ್ಬೆರಳಲ್ಲಿ. ಕೂತರೆ ನಿದ್ದೆ ಬರುತ್ತದೆ. ಪಕ್ಕದಲ್ಲಿ ಹಾಲು, ಬ್ರೆಡ್ಡು, ಮಗಳ ನೀರಿನ ಬಾಟ್ಲಿ. ಬರೆದದ್ದನ್ನು ಒಮ್ಮೆ ಬಾಯಲ್ಲಿ ಗುನುಗಿಕೊಂಡು, ಮಗಳ ಮಾತು ಮಗಳ ಬಾಯಿಂದ ಬಂದ ಹಾಗೇ ಇದೆಯೇ ಎಂದು ನೋಡುತ್ತಾರೆ. ಆಮೇಲೆ ಓದುಗರ ಪ್ರಶ್ನೆಗಳು. ‘ನನ್ನ ಮಗ ಮಣ್ಣು ತಿನ್ನುತ್ತಾನೆ’, ‘ನನ್ನ ಸೊಸೆ ಮಗುವಿಗೆ ಟಿವಿ ಹಾಕದೆ ಊಟ ಮಾಡಿಸಲ್ಲ, ನೀವಾದರೂ ಹೇಳಿ’. ಗೊತ್ತಿದ್ದಕ್ಕೆ ಉತ್ತರ. ಗೊತ್ತಿಲ್ಲದ್ದಕ್ಕೆ ‘ಡಾಕ್ಟರ ಹತ್ತಿರ ಹೋಗಿ ತಾಯಿ’. ಮಗಳು ಎದ್ದ ಮೇಲೆ ಫೋನು ಡಬ್ಬಿಯೊಳಗೆ. ಅವಳ ಎದುರಿಗೆ ಅವಳ ಬಗ್ಗೆ ಬರೆಯುವುದಿಲ್ಲ ಎಂಬುದು ಇವರೇ ಹಾಕಿಕೊಂಡ ಕಟ್ಟಳೆ.

ಗಳಿಕೆ ಬರುವುದಕ್ಕೆ ಎರಡು ವರ್ಷ ಹಿಡಿಯಿತು. ಬರಹದ ಪಕ್ಕದಲ್ಲಿ ಬರುವ ಜಾಹೀರಾತುಗಳನ್ನು ಎಷ್ಟು ಜನ ನೋಡಿದರೋ ಅಷ್ಟು ಹಣ. ಮೊದಲು ಅದು ಟೀ ಖರ್ಚಿಗೆ, ಆಮೇಲೆ ಮಗಳ ಫೀಸಿಗೆ, ಕಡೆಗೆ ಮನೆ ಬಾಡಿಗೆಗೂ ಬಂತು. ರಜೆಯಲ್ಲಿ ಓದುವವರು ಕಡಿಮೆ, ಶಾಲೆ ತೆರೆಯುವ ಮುಂಚಿನ ವಾರಗಳಲ್ಲಿ ಜನವೋ ಜನ. ಶಾಲೆ ತೆರೆದ ತಿಂಗಳಲ್ಲಿ ಎಲ್ಲರೂ ಹುಡುಕುವುದು ಒಂದನ್ನೇ. “ಹೇನು ಸರ್. ನಮ್ಮ ಮನೆ ಬಾಡಿಗೆ ಕಟ್ತಿರೋದು ಹೇನು. ಪಟಪಟಿ ತಲೇಲಿ ಹೇನು ಸಿಕ್ಕಿದ್ರೆ ಮೊದಲು ನಮಸ್ಕಾರ ಮಾಡಿ ಆಮೇಲೆ ಕೊಲ್ತೀನಿ.”

ಈ ಕಸುಬಿನಲ್ಲಿ ಒಂದು ಅಭ್ಯಾಸವಿದೆ. ಹಳೆಯ ಬರಹಗಳು ದಿನ ಕಳೆದಂತೆ ಕೆಳಗೆ ಹೋಗುತ್ತವೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ಅವನ್ನು ಅಲ್ಲಿಲ್ಲಿ ತಿದ್ದಿ, ಹೊಸ ತಾರೀಖು ಹಾಕಿ ಮೇಲೆ ತರುತ್ತಾರೆ. ಎಲ್ಲರೂ ಮಾಡುವುದೇ. ಜಡೆಯಪ್ಪನೂ ಮಾಡಿದರು. ಪಟಪಟಿ ಗುಡುಗಿಗೆ ಹೆದರುವ ಬರಹ, ಪಟಪಟಿಗೆ ಶೂ ಕೊಳ್ಳುವಾಗ ಕಾಲು ಅಳೆದ ಬರಹ, ಪಟಪಟಿ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟದ ಬರಹ, ಎಲ್ಲವೂ ಹೊಸ ತಾರೀಖಿನಲ್ಲಿ ಮತ್ತೆ ಬಂದವು. ಓದುಗರಿಗೆ ಇದರಿಂದ ಏನೂ ಆಗಲಿಲ್ಲ.

ಸಮುದ್ರದಾಚೆ ಒಬ್ಬರಿಗೆ ಆಯಿತು. ಅವರಿಗೆ ಅದು ಬ್ಲಾಗಲ್ಲ, ಮನೆಯ ಸುದ್ದಿ. ಹಿಂದೆ ಓದಿದ್ದೇ ಮತ್ತೆ ಕಂಡಾಗ ತಾರೀಖು ನೋಡಿ, ಮಗಳು ಇನ್ನೂ ಹಾಗೇ ಇದ್ದಾಳೆ ಎಂದು ನಂಬಿದರು. ಈ ಸಲ ರಜೆಗೆ ಬರುವಾಗ ಅಳತೆ ನೋಡಿ ಶೂ ತಂದರು. ಮಗಳ ಹೆಬ್ಬೆರಳೂ ಅದರಲ್ಲಿ ಸರಿಯಾಗಿ ಹೋಗಲಿಲ್ಲ. ಬಂದ ಮರುದಿನ ಗುಡುಗಿತು, ಅಮ್ಮ ಓಡಿಹೋಗಿ ಮಗಳನ್ನು ತಬ್ಬಿಕೊಂಡರು. ಮಗಳು, “ಏನಾಯ್ತಮ್ಮ, ನಿಂಗೆ ಭಯ ಆಗುತ್ತಾ?” ಎಂದು ಕೇಳಿ ಅವರ ಬೆನ್ನು ತಟ್ಟಿದಳು. ಬಾಳೆಹಣ್ಣು ಕಂಡರೆ ಈಗ ಅವಳು ಮುಖ ತಿರುಗಿಸುತ್ತಾಳೆ.

“ಆ ದಿನ ನಗು ಬಂತು” ಎನ್ನುತ್ತಾರೆ ಪಟಪಟಿಯ ಅಮ್ಮ. “ಆಮೇಲೆ ಕೂತು ಯೋಚನೆ ಮಾಡಿದ್ರೆ, ನಾನು ಐದು ವರ್ಷ ಅಲ್ಲಿ ಯಾವ ಮಗೂನ ಬೆಳೆಸ್ತಿದ್ದೆ ಹಾಗಾದ್ರೆ?”

ಅವರು ಇದನ್ನು ಹೇಳುವುದು ಮೆಟ್ಟಿಲಿಳಿದು, ಮಗಳನ್ನು ಶಾಲೆಯ ಬಸ್ಸು ಹತ್ತಿಸಿದ ಮೇಲೆ. ನಿನ್ನೆಯ ಗೇಟಿನ ಗಲಾಟೆಯ ನಂತರ ಇವತ್ತು ಬಸ್ಸು. ಬಸ್ಸು ತಿರುವು ದಾಟಿದ ಮೇಲೂ ಅದೇ ಕಡೆ ನೋಡುತ್ತಾ ನಿಲ್ಲುತ್ತಾರೆ. ದೂರದೇಶದ ಆ ದೊಡ್ಡ ಮನೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಯಂತ್ರ ತಿರುಗುವಷ್ಟು ಹೊತ್ತು ಮಾತ್ರ ಅವರಿಗೆ ಬಿಡುವು. ಆಗ ಬ್ಲಾಗು ಓದುವುದು. ಮನೆಯೊಳಗೆ ಇಂಟರ್ನೆಟ್ಟು ಕೆಲಸದವರಿಗಿಲ್ಲ. ಹೊರಗೆ ಹೋದಾಗ ಫೋನಿನಲ್ಲಿ ಉಳಿಸಿಕೊಂಡು ಬಂದ ಬರಹವನ್ನೇ ಓದಬೇಕು, ಕೆಳಗಿನ ಓದುಗರ ಮಾತುಗಳು ಅದರಲ್ಲಿ ಬರುವುದಿಲ್ಲ.

“ಆ ಅವಳಿಗಳಲ್ಲಿ ಒಂದು ಹುಡುಗಿ. ಅವಳಿಗೆ ಜಡೆ ಹಾಕೋದು ನಾನು ಇವರ ಬರಹ ಓದಿ ಕಲ್ತಿದ್ದು. ತುದಿಯಿಂದ ಬಾಚು, ಸಿಕ್ಕಿನ ಮೇಲೆ ಹಿಡಿ, ಎಲ್ಲಾ ಅದೇ ಥರ. ಕಣ್ಣು ಮುಚ್ಕೊಂಡು ಹೆಣೀತಿದ್ದೆ ಎಷ್ಟೋ ಸಲ. ಕೂದಲು ಕೂದಲೇ ಅಲ್ವಾ, ಯಾರದ್ದಾದ್ರೇನು. ಇಲ್ಲಿ ಬಂದ್ರೆ ಇವಳು ತಲೆ ಮುಟ್ಟೋಕೆ ಬಿಡಲ್ಲ. ಅಪ್ಪನೇ ಹಾಕಬೇಕಂತೆ.”

ಮತ್ತೆ ಮೆಟ್ಟಿಲು ಹತ್ತುತ್ತಾ ಅವರೇ ಮುಂದುವರಿಸುತ್ತಾರೆ. “ನಿನ್ನೆ ಗೇಟಲ್ಲಿ ಆಗಿದ್ದು ಪೂರ್ತಿ ಹೇಳ್ಲಿಲ್ಲ ನಾನು, ಇವರ ಮುಂದೆ. ಹೊಸ ಅಮ್ಮನಾ ಅಂತ ಕೇಳಿದ್ಳಲ್ಲ ಆ ಹೆಂಗಸು, ನಾನು ಬಾಯಿ ತೆರೆಯೋಕೆ ಮುಂಚೆ ಪಟಪಟಿ ಹೇಳಿದ್ಳು. ‘ಅಲ್ಲ ಆಂಟಿ, ಇವರು ನಮ್ಮ ಚಿಕ್ಕಮ್ಮ.’ ಗಟ್ಟಿಯಾಗಿ ಹೇಳಿದ್ಳು. ಅಪ್ಪನ ಮರ್ಯಾದೆ ಹೋಗಬಾರದು ಅಂತ. ಕೈ ಮಾತ್ರ ಬಿಡಲಿಲ್ಲ, ಹಿಡ್ಕೊಂಡೇ ಹೇಳಿದ್ಳು.”

ಹೆಂಡತಿ ಸತ್ತಿದ್ದಾಳೆಂಬ ಮಾತು ಹೇಗೆ ಹುಟ್ಟಿತು ಎಂದು ಜಡೆಯಪ್ಪ ಸೆಲೂನಿನಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಹೇಳುತ್ತಾರೆ. ಒಂದು ವರ್ಷದ ಹಿಂದೆ ಮಕ್ಕಳ ತಲೆಗೆಣ್ಣೆ ಮಾಡುವ ಒಂದು ಕಂಪನಿಯ ಪರವಾಗಿ ಜಾಹೀರಾತು ಏಜೆನ್ಸಿಯವರೊಬ್ಬರು ಬಂದರು. ಮಗಳ ತಲೆ ಬಾಚುವ ಅಪ್ಪ ಅವರಿಗೆ ಇಷ್ಟವಾಗಿದ್ದ. ವರ್ಷವಿಡೀ ಬರೆಯುವುದು, ತಿಂಗಳು ತಿಂಗಳು ಹಣ. ಒಂದೇ ಸಲಹೆ: ‘ನೀನು ನೋಡಬೇಕಿತ್ತು’ ಎಂದು ಬರೆದರೆ ಓದುವವರಿಗೆ ಪರರ ಪತ್ರ ಕದ್ದು ಓದಿದ ಹಾಗಾಗುತ್ತದೆ, ಅದನ್ನು ಬಿಡಿ. ಬಿಟ್ಟರು. ‘ನೀನು’ ಹೋದ ಮೇಲೆ ಬರಹಗಳಲ್ಲಿ ಹೆಂಡತಿಗೆ ಜಾಗವೇ ಇಲ್ಲದಾಯಿತು. ಅಪ್ಪ, ಮಗಳು, ಬಾಚಣಿಗೆ, ಎಣ್ಣೆ. ಒಂದು ದಿನ ಓದುಗರೊಬ್ಬರು ಕೆಳಗೆ ಬರೆದರು: ‘ಆ ತಾಯಿಯ ಆತ್ಮ ಎಲ್ಲಿದ್ದರೂ ನಿಮ್ಮನ್ನು ನೋಡಿ ಸಂತೋಷಪಡುತ್ತಿರುತ್ತದೆ ಅಣ್ಣಾ.’

“ಬೆಳಗ್ಗೆ ಸ್ಕೂಲಿಗೆ ಬಿಡೋ ಹೊತ್ತು. ಇದೇನಪ್ಪಾ ಅಂದ್ಕೊಂಡೆ. ವಿವರಿಸೋಕೆ ಟೈಮಿಲ್ಲ. ಕೈ ಮುಗಿದಿರೋ ಚಿತ್ರ ಒಂದು ಒತ್ತಿ ಹೊರಟುಬಿಟ್ಟೆ. ಸಂಜೆ ನೋಡ್ತೀನಿ, ಅದರ ಕೆಳಗೆ ನಾನೂರು ಜನ ಸಮಾಧಾನ ಹೇಳಿದಾರೆ. ಈಗ ಹೇಳೋಣ ಅಂದ್ರೆ ಹೇಗೆ ಹೇಳೋದು ಸರ್, ಅಷ್ಟು ಜನ ಅತ್ತಾದ ಮೇಲೆ? ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ಹೋಯ್ತು. ಆಮೇಲೆ ಓದೋರು ಮೂರು ಪಟ್ಟಾದ್ರು.”

ಪಕ್ಕದ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಸೆಲೂನಿನ ಮಾಲೀಕರು ತಲೆಯೆತ್ತದೆ ಹೇಳುತ್ತಾರೆ: “ನನ್ನ ಹೆಂಡ್ತಿ ಸತ್ತೋದ್ಳು ಅಂತ ನಾನು ಬರೆದ್ರೆ ಅವಳೇ ಮೊದಲ ಕಾಮೆಂಟ್ ಹಾಕ್ತಾಳೆ. ನಿನ್ನ ಹೆಂಡ್ತಿ ದೂರ ಇದ್ಳು, ಬಚಾವಾದೆ.” ಜಡೆಯಪ್ಪ ನಗುವುದಿಲ್ಲ.

ಅದೇ ವಾರ ಏಜೆನ್ಸಿಯವರು ಮನೆಗೆ ಬರುತ್ತಾರೆ, ಎರಡನೇ ವರ್ಷದ ಕರಾರಿಗೆ ಸಹಿ ಹಾಕಿಸಲು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೃದು. ಮನೆಯಲ್ಲಿ ಹೆಂಡತಿಯನ್ನು ಕಂಡು ಅವರಿಗೇನೂ ಆಶ್ಚರ್ಯವಾಗುವುದಿಲ್ಲ. ಅವರಿಗೆ ಮೊದಲಿಂದಲೂ ಗೊತ್ತು. ಜಡೆಯಪ್ಪ ವಿಷಯ ಎತ್ತುತ್ತಾರೆ, ನಿಜ ಬರೆದುಬಿಡುತ್ತೇನೆ ಎನ್ನುತ್ತಾರೆ. ಏಜೆನ್ಸಿಯವರು ಚಹಾದ ಲೋಟ ಕೆಳಗಿಡುತ್ತಾರೆ.

“ಸರ್, ನಾನು ನಿಮ್ಮ ಕಡೆಯಿಂದಲೇ ಹೇಳ್ತಿದೀನಿ. ಮೇಡಂ ಇಲ್ಲೇ ಇರಲಿ. ಈ ಕರಾರಿದ್ರೆ ಅವರು ವಾಪಸ್ ಹೋಗೋದೇ ಬೇಡ. ಎಲ್ಲರೂ ಒಟ್ಟಿಗೆ ಖುಷಿಯಾಗಿರಿ. ಬ್ಲಾಗಲ್ಲಿ ಮಾತ್ರ ಬೇಡ.”

“ಅಂದ್ರೆ ನಾನು ಅಡುಗೆಮನೇಲಿ ಬದುಕಿರಬಹುದು, ನಿಮ್ಮ ಎಣ್ಣೆ ಬಾಟ್ಲಿ ಹತ್ರ ಬದುಕಿರಬಾರದು” ಎನ್ನುತ್ತಾರೆ ಪಟಪಟಿಯ ಅಮ್ಮ.

“ಹಾಗಲ್ಲ ಮೇಡಂ. ಸ್ಕೂಲಲ್ಲಿ, ಅಕ್ಕಪಕ್ಕ, ಸ್ವಲ್ಪ ನೋಡಿಕೊಂಡ್ರೆ ಆಯ್ತು. ನೆಂಟರು ಅಂದ್ರೆ ಯಾರೂ ಮುಂದೆ ಕೇಳಲ್ಲ.”

ನೆಲದ ಮೇಲೆ ಕೂತು ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಪಟಪಟಿ ಕೇಳುತ್ತಾಳೆ: “ದೊಡ್ಡೋಳಾಗೋವರೆಗೂ ಚಿಕ್ಕಮ್ಮ ಅಂತಾನೇ ಹೇಳಬೇಕಾ?”

ಅದು ಅವಳಿಗೆ ಜಗಳದ ಮಾತಲ್ಲ, ನಿಜವಾಗಿಯೂ ತಿಳಿಯಬೇಕಾಗಿದೆ. ಒಬ್ಬ ಹೆಂಗಸು ಬದುಕಿರುವುದು ಎಣ್ಣೆ ಮಾರಲು ಅಡ್ಡಿ ಎನ್ನುವುದಾದರೆ ಅಂಥ ಎಣ್ಣೆಗೆ ಬೆಂಕಿ ಹಾಕಬೇಕು. ಆದರೆ ಬೆಂಕಿ ಹಾಕಿದ ಮೇಲೆ ಬಾಡಿಗೆ ಕಟ್ಟುವವರು ಯಾರು ಎಂಬುದು ಆ ಕೋಣೆಯಲ್ಲಿದ್ದವರೆಲ್ಲರಿಗೂ ಗೊತ್ತು. ಕರಾರಿನ ಕಾಗದ ಸಹಿಯಿಲ್ಲದೆ ಹಿಂದಿರುಗುತ್ತದೆ.

ಮರುದಿನ ಬೆಳಗಿನ ಜಾವ ಜಡೆಯಪ್ಪ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಬರೆದದ್ದು ಇಷ್ಟು: ‘ಪಟಪಟಿಗೆ ಅಮ್ಮ ಇದ್ದಾಳೆ. ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಸಂಸಾರ ನಡೆಯಲೆಂದು ಐದು ವರ್ಷದಿಂದ ದೂರದೇಶದಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಳೆ. ಈ ಬ್ಲಾಗು ಶುರು ಮಾಡಿದ್ದು ಅವಳಿಗಾಗಿ. ಅವಳಿಲ್ಲ ಎಂದು ನೀವು ಅಂದುಕೊಂಡಾಗ ನಾನು ತಿದ್ದಲಿಲ್ಲ. ಅದರಿಂದ ನನಗೆ ಲಾಭವಾಯಿತು. ನಿಮ್ಮಲ್ಲಿ ಅತ್ತವರ ಕ್ಷಮೆ ಕೇಳುತ್ತೇನೆ. ಅವಳ ಕ್ಷಮೆ ಮನೆಯಲ್ಲಿ ಕೇಳಿಕೊಳ್ಳುತ್ತೇನೆ.’

ಮಧ್ಯಾಹ್ನದೊಳಗೆ ಬೈಗುಳ ತುಂಬುತ್ತದೆ. ಕಳ್ಳ, ನಾಟಕದವನು, ಹೆಂಡತಿಯನ್ನು ಕೊಂದು ತಿಂದವನು. ಜಡೆಯಪ್ಪ ಅವನ್ನು ಓದಿ ಅಳಿಸದೆ ಬಿಡುತ್ತಾರೆ. ಅವರ ಕೈ ನಿಲ್ಲುವುದು ಒಂದು ಮಾತಿನ ಮುಂದೆ ಮಾತ್ರ. ಓದುಗರೊಬ್ಬರು ಬೈದಿಲ್ಲ. ‘ನನ್ನ ಗಂಡ ನಿಜವಾಗಿಯೂ ಹೋಗಿದ್ದಾರೆ. ನನ್ನ ಹಾಗೆ ಇನ್ನೊಬ್ಬರಿದ್ದಾರೆ, ಅವರು ನಡೆಸುತ್ತಿದ್ದಾರೆ, ನಾನೂ ನಡೆಸಬಹುದು ಅಂದುಕೊಂಡು ದಿನಾ ಏಳುತ್ತಿದ್ದೆ. ನಿಮ್ಮ ಹೆಂಡತಿ ಇರುವುದಕ್ಕೆ ಸಂತೋಷ. ಇನ್ನು ನಾನು ಇಲ್ಲಿಗೆ ಬರುವುದಿಲ್ಲ.’ ಇದಕ್ಕೆ ಉತ್ತರ ಬರೆಯಲು ಜಡೆಯಪ್ಪ ಅವತ್ತು ಸೆಲೂನಿಗೆ ಹೋಗಲಿಲ್ಲ. ಬರೆದು, ಅಳಿಸಿ, ಮತ್ತೆ ಬರೆದು, ಕಡೆಗೆ ಫೋನನ್ನು ಹೆಂಡತಿಯ ಕೈಗಿತ್ತರು. ಹೆಂಡತಿ ಬರೆದರು: ‘ಅಕ್ಕಾ, ನಾನು ಪಟಪಟಿಯ ಅಮ್ಮ. ನೀವು ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು.’ ಅದಕ್ಕೆ ಉತ್ತರ ಬಂದಿಲ್ಲ.

ಓದುವವರು ಅರ್ಧಕ್ಕಿಂತ ಕೆಳಗಿಳಿದಿದ್ದಾರೆ. ಉಳಿದವರಲ್ಲಿ ಹೆಚ್ಚಿನವರು ಹೇನಿಗಾಗಿ ಬರುವವರು, ಅವರಿಗೆ ಯಾರ ಹೆಂಡತಿ ಇದ್ದರೂ ಇಲ್ಲದಿದ್ದರೂ ಒಂದೇ. ಎಣ್ಣೆಯ ಕಂಪನಿ ಒಂದು ಸಾಲಿನ ವಿದಾಯ ಕಳಿಸಿದೆ. ಬರುವುದು ಈಗ ಮಗಳ ಫೀಸಿಗೆ ಸಾಕು, ಬಾಡಿಗೆಗೆ ಸಾಲದು. ಗಂಡ ಹೆಂಡತಿ ಕೂತು ಲೆಕ್ಕ ಹಾಕಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ. ಒಗೆದ ಬಟ್ಟೆ ಮಡಚುತ್ತಾ ಪಟಪಟಿಯ ಅಮ್ಮ ಹೇಳಿದ್ದು ಇಷ್ಟೇ:

“ಟಿಕೆಟ್ಟು ಹಾಗೇ ಇರ್ಲಿ ರೀ.”

“ಇನ್ನೂ ಒಂದು ತಿಂಗಳು ನೋಡೋಣ. ಬೇರೆ ಕಂಪನಿ ಬರಬಹುದು.”

“ಬರಲಿ. ಬಂದಾಗ ನಾನೂ ಬರ್ತೀನಿ. ನಾನು ಸತ್ತು ಇಲ್ಲೇ ಇರೋದಕ್ಕಿಂತ ಬದುಕಿ ಅಲ್ಲಿರೋದು ವಾಸಿ ಅನ್ನಿಸ್ತು ನಂಗೆ. ನಿಜ ಬರೀರಿ ಅಂತ ನಾನೇ ಹಟ ಹಿಡಿದು ಬರೆಸಿದ್ದು, ನಿಮ್ಮ ಮೇಲೆ ಹೊರಿಸಲ್ಲ.”

ಗಂಡನಿಗೆ ಮತ್ತೆ ‘ನೀವು’ ಎನ್ನುತ್ತಿದ್ದಾರೆ. ಏಕವಚನ ಕೋಪಕ್ಕೆ ಮಾತ್ರ ಎಂದು ಮಗಳು ನನಗೆ ಮೊದಲೇ ತಿಳಿಸಿದ್ದಳು. ಅವರ ಕೋಪ ಹೋಗಿದ್ದು ಜಡೆಯಪ್ಪನಿಗೆ ಇನ್ನೂ ಕಷ್ಟವಾಗಿದೆ. “ಜಗಳ ಆಡ್ತಿದ್ರೆ ಉಳಿಯೋಳೇನೋ ಸರ್” ಎನ್ನುತ್ತಾರೆ, ಮೆಟ್ಟಿಲಲ್ಲಿ ಬಂದು ಬೀಳ್ಕೊಡುವಾಗ.

ಉಳಿದ ದಿನಗಳಲ್ಲಿ ಆ ಮನೆಯಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಅಮ್ಮ ಮಗಳು ಒಟ್ಟಿಗೆ ಹೋಗಿ, ಕಾಲನ್ನು ಅಂಗಡಿಯಲ್ಲೇ ಅಳೆಸಿ ಶೂ ತರುತ್ತಾರೆ. ಶಾಲೆಯ ಗೇಟಿಗೆ ಮತ್ತೆ ನಡೆದೇ ಹೋಗುತ್ತಾರೆ. ಗೇಟಿನ ಹೆಂಗಸು ಕಂಡಾಗ ಪಟಪಟಿ ತಾನಾಗಿ ಹೋಗಿ, “ಆಂಟಿ, ಅವತ್ತು ಸುಳ್ಳು ಹೇಳ್ದೆ, ಇವರು ನಮ್ಮಮ್ಮ” ಎಂದು ಬರುತ್ತಾಳೆ. ಕೊನೆಯ ವಾರದಲ್ಲಿ ಒಂದು ಬೆಳಗ್ಗೆ ಸ್ಟೂಲನ್ನು ಎತ್ತಿಕೊಂಡು ಹೋಗಿ ಅಮ್ಮನ ಮುಂದೆ ಹಾಕಿ ಕೂರುತ್ತಾಳೆ. ಜಡೆ ಸ್ವಲ್ಪ ಸೊಟ್ಟಗಾಗುತ್ತದೆ. ಅವಳು ಕನ್ನಡಿ ನೋಡಿಕೊಂಡು ಏನೂ ಹೇಳುವುದಿಲ್ಲ. ಬಾಯಿ ಮುಚ್ಚದ ಹುಡುಗಿ ಹಾಗೆ ಸುಮ್ಮನಿದ್ದುದು ದೊಡ್ಡ ಮಾತು ಎಂದು ಅಪ್ಪ ಹೇಳುತ್ತಾರೆ. ಅದನ್ನು ಅವರು ಬ್ಲಾಗಿನಲ್ಲಿ ಬರೆದಿಲ್ಲ. ನೋಡಬೇಕಾದವರು ನೋಡಿಯಾಗಿತ್ತು.

“ದೊಡ್ಡ ಆಸೆ ಏನಿಲ್ಲ ಸರ್” ಎಂದು ಸೆಲೂನಿನ ಬಾಗಿಲಲ್ಲಿ ನಿಂತು, ಕತ್ತರಿಯನ್ನು ಬಟ್ಟೆಯಿಂದ ಒರೆಸುತ್ತಾ ಹೇಳುತ್ತಾರೆ ಜಡೆಯಪ್ಪ. “ಒಂದಿನ ನಂಗೆ ಬರೆಯೋಕೆ ಏನೂ ಇರಬಾರದು. ಬೆಳಗ್ಗೆ ಎದ್ದು ಫೋನ್ ಹಿಡೀಬೇಕು, ಇದನ್ನ ಯಾರಿಗೆ ಹೇಳ್ಲಿ, ಎಲ್ಲಾ ಅವಳೇ ನೋಡಿಬಿಟ್ಟಿದಾಳಲ್ಲ ಅಂತ ಅನ್ನಿಸಬೇಕು. ಬ್ಲಾಗು ಮುಚ್ಚಿಹೋಗಲಿ ಅವತ್ತು. ಹೇನಿನವರಿಗೆ ಮಾತ್ರ ಒಂದು ಪುಟ ಬಿಟ್ಟಿರ್ತೀನಿ.”

ಹೊರಡುವ ದಿನ ಟ್ಯಾಕ್ಸಿ ಬೆಳಕಾಗುವ ಮುಂಚೆ ಬಂದು ಕೆಳಗೆ ನಿಲ್ಲುತ್ತದೆ. ಪಟಪಟಿ ಮಲಗಿದ್ದಾಳೆ. ಎಬ್ಬಿಸಬೇಡ ಎಂದು ಅಮ್ಮನಿಗೆ ಅವಳೇ ಹೇಳಿ ಮಲಗಿದ್ದು. ಅಮ್ಮ ಮಂಚದ ಹತ್ತಿರ ಹೋಗಿ, ಮುಟ್ಟಲು ಬಗ್ಗಿ, ಮುಟ್ಟದೆ ಎದ್ದು ಬರುತ್ತಾರೆ. ಪೆಟ್ಟಿಗೆ ಕೆಳಗಿಳಿಸಲು ಗಂಡ ಕೈ ಹಾಕಿದಾಗ ತಡೆಯುತ್ತಾರೆ.

“ನೀವು ಇಲ್ಲೇ ಇರಿ. ಎದ್ದರೆ ಒಬ್ಬಳೇ ಇರಬಾರದು.”

“ತಲುಪಿದ ತಕ್ಷಣ...”

“ಹೂಂ ರೀ.”

ಗಾಲಿಯ ಪೆಟ್ಟಿಗೆ ಒಂದೊಂದು ಮೆಟ್ಟಿಲಿಗೂ ಬಡಿಯುತ್ತಾ ಇಳಿಯುತ್ತದೆ. ಮೂರನೇ ಮಹಡಿ, ಎರಡನೇ ಮಹಡಿ. ಜಡೆಯಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ. ಎರಡನೇ ಮಹಡಿಯ ತಿರುವಿನಲ್ಲಿ ಸದ್ದು ನಿಲ್ಲುತ್ತದೆ.

ಒಳಗೆ ಮಂಚದ ಮೇಲೆ ಪಟಪಟಿ ಎದ್ದು ಕೂತಿದ್ದಾಳೆ. ನಿದ್ದೆ ಮಾಡಿದ ಮುಖವಲ್ಲ ಅದು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, ಬಾಗಿಲ ಕಡೆ ನೋಡುತ್ತಿದ್ದಾಳೆ. ಅಪ್ಪ ತಿರುಗಿ ಅವಳನ್ನು ನೋಡುತ್ತಾರೆ. ಇಬ್ಬರೂ ಮೆಟ್ಟಿಲ ಕಡೆ ಕಿವಿಗೊಡುತ್ತಾರೆ.

ಬಹಳ ಹೊತ್ತಿನ ಮೇಲೆ ಸದ್ದು ಮತ್ತೆ ಶುರುವಾಗುತ್ತದೆ. ಕೆಳಕ್ಕೆ.